ಯಾರ ಕೈಲೂ ತಿರುಗದ ವಾಲ್ವ್

ದೊಡ್ಡಮ್ಮನಿಗೆ ನಮಸ್ಕಾರ.

ಕಾಲೇಜಿನವರು ಕಳಿಸಿದ ಈ ನೀರು ಸರಬರಾಜು ಕಚೇರಿಯಲ್ಲಿ ನನ್ನ ತರಬೇತಿ ಚೆನ್ನಾಗಿಯೇ ಸಾಗಿದೆ, ನಿನ್ನೆಯದೊಂದು ಬಿಟ್ಟರೆ. ರಸ್ತೆಯಡಿಯ ವಾಲ್ವ್‌ಗಳಲ್ಲಿ ಯಾವುದು ತಿರುಗುತ್ತದೆ, ಯಾವುದು ಕೆಟ್ಟಿದೆ ಎಂದು ನೋಡುವುದು ನನ್ನ ಕೆಲಸ. ಕ್ಷೌರದಂಗಡಿಯ ಮುಂದಿನದನ್ನು ತೋರಿಸಿದ ಮೇಸ್ತ್ರಿ, "ಇದು ತುಕ್ಕು ಹಿಡಿದು ಕೂತಿದೆ, ಯಾರ ಕೈಲೂ ಆಗಿಲ್ಲ. ಶಾಸ್ತ್ರಕ್ಕೆ ಒಂದ್ಸಲ ತಿರುಗಿಸಿ ನೋಡಮ್ಮ" ಎಂದು ಚಹಾಕ್ಕೆ ಹೋದರು. ನನಗೆ ಹಟ ಬಂತು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಅದರ ಹಿಡಿಗೆ ಜೋತುಬಿದ್ದೆ. ಕಿರ್ ಎಂದು ತಿರುಗಿತು. ಆ ಖುಷಿಯಲ್ಲಿ ಪೂರ್ತಿ ಮುಚ್ಚಿಯೇಬಿಟ್ಟೆ.

ಅಂಗಡಿಯವರು ಗಾಬರಿಯಿಂದ ಹೊರಬಂದರು. ಅವರ ಹಿಂದೆಯೇ ಮುಖದ ತುಂಬ ಸೋಪಿನ ನೊರೆಯ ಗಿರಾಕಿ. ನೋಡಿದರೆ ನಮ್ಮ ಮುಖ್ಯ ಇಂಜಿನಿಯರ್, ನನ್ನ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವರು.

"ನೀರು ನಿಲ್ಲಿಸಿದ್ದು ಯಾರು?"

"ನಾನೇ ಸಾರ್."

"ಈ ವಾಲ್ವ್ ಮುಚ್ಚಿದ್ಯಾ? ಒಬ್ಬಳೇನಾ?" ನೊರೆಯೊಳಗೆ ನಗು ಕಂಡಿತು. "ಭೇಷ್. ಈಗ ತೆಗಿ."

ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಅಂಗಡಿಯವರು, ಸಾಹೇಬರು, ನಾನು ಮೂವರೂ ಹಿಡಿಗೆ ನೇತಾಡಿ ತೆರೆದೆವು. ಅಷ್ಟರಲ್ಲಿ ನೊರೆ ಒಣಗಿ ಹಳೇ ಸುಣ್ಣದಂತೆ ಉದುರುತ್ತಿತ್ತು. ಓಡಿಬಂದ ಮೇಸ್ತ್ರಿಗೆ ಸಾಹೇಬರು, "ಇವಳ ಸರ್ಟಿಫಿಕೇಟಿಗೆ ಇವತ್ತೇ ಸಹಿ ಹಾಕ್ತೀನಿ. ಆದರೆ ನನ್ನ ಶೇವಿಂಗ್ ಮುಗಿಯೋವರೆಗೂ ಆ ಕೀಲಿ ನಿನ್ನ ಹತ್ರಾನೇ ಇರಲಿ" ಎಂದರು.

ಅಂಗೈಯಲ್ಲಿ ಬೊಬ್ಬೆ ಎದ್ದಿವೆ, ಉಳಿದಂತೆ ಆರೋಗ್ಯ. ಅಮ್ಮನಿಗೆ ಓದಿ ಹೇಳುವಾಗ ಬೊಬ್ಬೆಯ ಸಾಲು ಹಾರಿಸಿಬಿಡಿ. ಕಾರ್ಡು ತುಂಬಿತು.

ನಿಮ್ಮ ಚಿನಕುರಳಿ