ನನ್ನ ಗಂಡನ ಲೈಸೆನ್ಸನ್ನು ಅಂಚೆಯಲ್ಲಿ ಕಳಿಸಬೇಡಿ

ಭಾರಿ ವಾಹನಗಳ ಲೈಸೆನ್ಸ್ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಜಯಕುಮಾರ್ ಅವರ ಲೈಸೆನ್ಸನ್ನು ನೀವು ಅಮಾನತಿನಲ್ಲಿಟ್ಟ ಅವಧಿ ಬರುವ ಸೋಮವಾರ ಮುಗಿಯುತ್ತದೆ. ಅಂಚೆಯಲ್ಲಿ ಮನೆಗೇ ಬರುತ್ತದೆ, ಅಲೆಯಬೇಕಾಗಿಲ್ಲ ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ತಿಳಿಸಿದರು. ದೊಡ್ಡ ಉಪಕಾರ. ಆದರೆ ದಯವಿಟ್ಟು ಕಳಿಸಬೇಡಿ. ಏರಿನಲ್ಲಿ ಟ್ರೇಲರ್ ನಿಲ್ಲಿಸಿ ಇಳಿಯುವಾಗ ಯಾವ ಬ್ರೇಕ್ ಹಾಕಬೇಕು ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬ ಮನುಷ್ಯ ಸತ್ತ ಮೇಲೂ ಅದನ್ನು ಯಾರೂ ಅವರಿಗೆ ತೋರಿಸಿಕೊಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾದ ದಿನ ಅವರು ಮಂಗಳೂರಿನಿಂದ ಕಬ್ಬಿಣ ಹೇರಿಕೊಂಡು ಸಕಲೇಶಪುರದ ಕಡೆಗೆ ಏರಿ ಬರುತ್ತಿದ್ದರು. ಅವರ ಟ್ರೇಲರ್ ಹಿಂದೆ ನಿಂತದ್ದು ನಂಜುಂಡಣ್ಣನ ಲಾರಿ. ನಂಜುಂಡಣ್ಣ ಆಲೂರಿನವರು, ಇವರ ಜೊತೆ ವರ್ಷಗಟ್ಟಲೆ ಅದೇ ರಸ್ತೆ ಸವೆಸಿದವರು. ಬ್ಲಾಕ್ ಬಿಡುವ ಲಕ್ಷಣ ಕಾಣದೆ ಇವರು ಬ್ರೇಕ್ ಎಳೆದು, ಎಂಜಿನ್ ಆರಿಸಿ ಇಳಿದರು. ಎರಡು ಗಾಡಿಗಳ ನಡುವೆ ಗಾಳಿಗೆ ಮರೆಯಿದೆ ಎಂದು ನಂಜುಂಡಣ್ಣ ಅಲ್ಲೇ ಸ್ಟೌ ಹಚ್ಚಿ ಅನ್ನಕ್ಕಿಟ್ಟರು. ಇವರು ಕ್ಯಾನು ಹಿಡಿದು ನೀರಿಗೆ ಹೋದರು. ವಾಪಸು ಬರುವಾಗ ನೋಡಿದರೆ ಟ್ರೇಲರ್ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ಕೂಗಿದರಂತೆ. ಸ್ಟೌವಿನ ಭರ್ರೆನ್ನುವ ಸದ್ದಿನಲ್ಲಿ ನಂಜುಂಡಣ್ಣನಿಗೆ ಕೇಳಿಸಲಿಲ್ಲ.

ಆಮೇಲೆ ಇವರು ಮನೆಯಲ್ಲಿ ಆಡಿದ ಮಾತು ಒಂದೇ. "ಎಳ್ದಿದ್ದೆ ಕಣೇ ವಾಣಿ. ಬ್ರೇಕ್ ಎಳ್ದೇ ಇಳ್ದಿದ್ದು."

ಲೈಸೆನ್ಸ್ ಅಮಾನತು ಮಾಡಿದ ದಿನ ನಿಮ್ಮ ಮೇಜಿನ ಮುಂದೆ ಅವರ ಪಕ್ಕದಲ್ಲಿ ನಾನೂ ನಿಂತಿದ್ದೆ. ನಿಮಗೆ ನೆನಪಿರಲಾರದು, ಅಂದು ಬಾಗಿಲಾಚೆ ಬಹಳ ಜನರಿದ್ದರು. 'ಚಾಲಕನ ನಿರ್ಲಕ್ಷ್ಯ' ಎಂದು ನೀವು ಓದಿದಿರಿ. ಇವರು ಕೈಕಟ್ಟಿಕೊಂಡು ಕೇಳಿದರು: "ಸಾರ್, ಬ್ರೇಕ್ ಎಳ್ದಿದ್ದೆ. ನಾನೇನ್ ತಪ್ಪು ಮಾಡ್ದೆ ಅಂತ ಒಂದ್ಸಲ ಹೇಳ್ಬುಡಿ."

"ಎಳೆದಿದ್ದರೆ ಗಾಡಿ ಯಾಕ್ರೀ ಹೋಗುತ್ತೆ?" ಎಂದು ನೀವು ಮುಂದಿನವರನ್ನು ಕರೆದಿರಿ.

ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಗೊತ್ತಿರಬೇಕಾದ ಕುರ್ಚಿಯಲ್ಲಿ ಕೂತವರೇ ಅದನ್ನು ನಮ್ಮನ್ನು ಕೇಳಿದ್ದು ಮಾತ್ರ ನನಗೆ ಇನ್ನೂ ಅರಗಿಲ್ಲ. ಆ ಉತ್ತರ ನನಗೆ ಸಿಕ್ಕಿದ್ದು ನನ್ನ ತಮ್ಮ ಸುನಿಲ್‌ಕುಮಾರನಿಂದ. ಅವನು ದೂರದ ಬಂದರೊಂದರಲ್ಲಿ ಟ್ರೇಲರ್ ಓಡಿಸುತ್ತಾನೆ. ಅಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ತರಬೇತಿ ಕೊಟ್ಟಿದ್ದರಂತೆ. ಇವರು ಎಳೆದದ್ದು ಸ್ಟೀರಿಂಗ್ ಪಕ್ಕದ ಟ್ರೇಲರ್ ಲಿವರ್. ಎಳೆಯಬೇಕಾಗಿದ್ದದ್ದು ಪಾರ್ಕಿಂಗ್ ಬ್ರೇಕಿನ ನಾಬ್. "ಲಿವರ್ ಎಳುದ್ರೆ ಚಕ್ರನ ಹಿಡ್ಕೊಳೋದು ಎಂಜಿನ್ ತುಂಬ್ಸಿಟ್ಟ ಗಾಳಿ ಕಣಕ್ಕ," ಎಂದ ಅವನು. "ಎಂಜಿನ್ ಆಫ್ ಮಾಡಿದ್ ಮ್ಯಾಲೆ ಗಾಳಿ ಸೋರ್ತಾ ಸೋರ್ತಾ ಹಿಡ್ತಾನೂ ಹೋಗ್ಬುಡ್ತದೆ. ನಾಬ್ ಹಂಗಲ್ಲ. ಅದು ಗಾಳಿನ ಆಚೆ ಬುಡ್ತದೆ, ಒಳಗೊಂದು ಸ್ಪ್ರಿಂಗ್ ಐತಲ್ಲ, ಅದು ಬಂದು ಹಿಡ್ಕತದೆ. ಗಾಳಿ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ."

ಇದು ಇಷ್ಟೇ, ಮಾನ್ಯರೇ. ನಾನು ಅಂಗನವಾಡಿ ಕಾರ್ಯಕರ್ತೆ, ಯಂತ್ರದ ಗಂಧಗಾಳಿ ಇಲ್ಲದವಳು. ನನಗೇ ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಅರ್ಥವಾಯಿತು. ಹಾಗಾದರೆ ಇಷ್ಟು ವರ್ಷ ಗಾಡಿ ಓಡಿಸಿದವರಿಗೆ ಯಾಕೆ ಗೊತ್ತಿರಲಿಲ್ಲ ಎಂದು ನೀವು ಕೇಳಬಹುದು. ನಾಬ್ ಎಳೆದರೆ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ. ಗಾಳಿಯ ಬ್ರೇಕಿನಲ್ಲಿ ಗಾಳಿಯನ್ನೇ ಕಳೆದುಕೊಂಡರೆ ಉಳಿಯುವುದೇನು ಎಂದು ಇವರಿಗೆ ಭಯ. ಅದೂ ಅಲ್ಲದೆ ಹಳೆಯ ಗಾಡಿಗಳಲ್ಲಿ ನಾಬ್ ಎಳೆದು ಎಂಜಿನ್ ಆರಿಸಿದರೆ ಮತ್ತೆ ಗಾಳಿ ತುಂಬುವವರೆಗೆ ಗಾಡಿ ಅಲ್ಲಾಡುವುದಿಲ್ಲ. ಅಷ್ಟರಲ್ಲಿ ಬ್ಲಾಕ್ ಬಿಡಿಸುವವರು ಬಾಗಿಲಿಗೆ ಲಾಠಿ ಬಡಿದು "ಹೊರಡೋ ಲೇ" ಎನ್ನುತ್ತಾರೆ. ಹಾಗಾಗಿ ಬ್ಲಾಕಿನಲ್ಲಿ ಲಿವರ್ ಎಳೆದು ನಿಲ್ಲುವುದು ಘಾಟಿಯ ರೂಢಿಯಾಗಿದೆ. ಹಿರಿಯ ಡ್ರೈವರ್ ಕಿರಿಯನಿಗೆ ಹೇಳಿಕೊಡುವುದೂ ಅದನ್ನೇ. ಸ್ವಲ್ಪ ಹೊತ್ತಿಗೆ ಸಾಕಾಗುವ ಹಿಡಿತವನ್ನು ನನ್ನ ಗಂಡ ಅಂದು ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ನಂಬಿದರು.

ನೀವು ಅವರಿಗೆ ಲೈಸೆನ್ಸ್ ಕೊಟ್ಟಿದ್ದು ಯಾವುದನ್ನು ನೋಡಿ? ಸಪಾಟು ಮೈದಾನ, ಟ್ರೇಲರೇ ಇಲ್ಲದ ಬಾಡಿಗೆ ಲಾರಿ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. 'ಏರಿನಲ್ಲಿ ನಿಲ್ಲಿಸಿ ಇಳಿದು ಬಾರಪ್ಪ, ಗಾಡಿ ನಿಂತಿರುತ್ತದೋ ನೋಡೋಣ' ಎಂದು ಯಾರೂ ಹೇಳಲಿಲ್ಲ. ನಮ್ಮ ಇಲಾಖೆಯನ್ನು ನಾನು ಹೊಗಳುವವಳಲ್ಲ. ಆದರೂ ಮಕ್ಕಳ ಕೈ ತೊಳೆಸುವುದು ಹೇಗೆ ಎಂದು ನನಗೆ ತಾಲ್ಲೂಕು ಕೇಂದ್ರದಲ್ಲಿ ಊಟ, ಬಸ್ ಚಾರ್ಜು ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಮೊಟ್ಟೆ ಬೇಯಿಸುವುದನ್ನೂ ಪರದೆಯ ಮೇಲೆ ತೋರಿಸಿದ್ದಾರೆ. ಮೊಟ್ಟೆ ಜಾಸ್ತಿ ಬೆಂದರೆ ಯಾರೂ ಸಾಯುವುದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನೀವು ಆಮೇಲೂ ಹಾಕಲಿಲ್ಲ. ಲೈಸೆನ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ, ಅಷ್ಟೆ. ಬೀರುವಿನಲ್ಲಿದ್ದ ಕಾರ್ಡು ಅಲ್ಲಿ ಏನು ಕಲಿತಿತು?

ನೀನೇ ಹೇಳಬಹುದಲ್ಲ ಎನ್ನುತ್ತೀರೇನೋ. ಹೇಳಿದೆ. ತಮ್ಮನಿಂದಲೂ ಹೇಳಿಸಿದೆ. ಅವರು ನಕ್ಕರು. ಅಂಥ ನಗು ನಮ್ಮ ಮನೆಯಲ್ಲಿ ಮೊದಲು ಇರಲಿಲ್ಲ. "ನನ್ ಸಂಕ್ಟ ನೋಡಕ್ಕಾಗ್ದೆ ನೀವು ಏನೋ ಒಂದು ಕಾರಣ ಹುಡುಕ್ತಿದೀರ. ಅದೇ ತಪ್ಪಾಗಿದ್ರೆ ಆಫೀಸ್ನೋರು ಹೇಳ್ತಿರ್ಲಿಲ್ವಾ? ಆ ಜಾಗನೇ ಸರಿಯಿಲ್ಲ ಬುಡು."

ಅವರಿಗೆ ನಿಮ್ಮ ಮೇಲೆ ಅಷ್ಟು ನಂಬಿಕೆ. ನೀವು ಸುಮ್ಮನಿದ್ದದ್ದನ್ನೇ ಉತ್ತರ ಎಂದುಕೊಂಡಿದ್ದಾರೆ. ಈಗ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದರೂ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಮಗಳು ಮೇಘಾಳ ಸೈಕಲ್ಲಿಗೂ ಕೊಡುತ್ತಾರೆ. ಸ್ಕೂಲಿಗೆ ಹೊರಡುವಾಗ ಅವಳು ಕಲ್ಲನ್ನು ಎತ್ತಿ ಬದಿಗಿಡುತ್ತಾಳೆ, ಸಂಜೆ ಅವರು ಮತ್ತೆ ತಂದಿಡುತ್ತಾರೆ. ಆದರೆ ಕಬ್ಬಿಣ ತುಂಬಿದ ಟ್ರೇಲರ್ ಅಂಗಳದ ಸೈಕಲ್ ಅಲ್ಲ. ಗಾಡಿ ಮಾಲೀಕರು ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಸೋಮವಾರ ಕಳೆದರೆ ಅದೇ ಗಾಡಿ, ಅದೇ ಏರು. ಅವರ ಕೈ ಮತ್ತೆ ಅದೇ ಲಿವರಿಗೆ ಹೋಗುತ್ತದೆ. ಆಗ ಹಿಂದೆ ಕೂತು ಅನ್ನಕ್ಕಿಡುವವರು ಯಾರೋ ನನಗೆ ಗೊತ್ತಿಲ್ಲ. ನೆನೆದರೆ ಭಯವಾಗುತ್ತದೆ.

ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿದೆ. ಇದನ್ನೆಲ್ಲ ಹೀಗೆ ಪತ್ರಿಕೆಗೆ ಬಹಿರಂಗ ಪತ್ರವಾಗಿ ಬರೆದರೆ ಗಂಡನ ತಪ್ಪನ್ನು ನಾನೇ ಒಪ್ಪಿಕೊಂಡ ಹಾಗೆ ಎಂದು ವಕೀಲರು ಎಚ್ಚರಿಸಿದರು. ಪತ್ರವನ್ನು ಇವರಿಗೆ ಓದಿ ಹೇಳಿದೆ. "ಕಳ್ಸು. ಅವ್ರಾದ್ರೂ ಹೇಳ್ಲಿ," ಎಂದರು.

ಆದ್ದರಿಂದ ನನ್ನ ಬೇಡಿಕೆ ಇದು. ಲೈಸೆನ್ಸ್ ನಿಮ್ಮಲ್ಲೇ ಇರಲಿ. ಇವರ ಸಂಬಳವಿಲ್ಲದೆ ಮನೆ ನಡೆಸುವುದು ಕಷ್ಟ, ಹೇಗೋ ನಡೆಸುತ್ತೇನೆ. ಇವರನ್ನು ಕರೆಸಿ. ಏರಿನಲ್ಲಿ ಒಂದು ಟ್ರೇಲರ್ ನಿಲ್ಲಿಸಿ. ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಲಿವರ್ ಯಾವುದು, ನಾಬ್ ಯಾವುದು, ಗಾಳಿ ಹೋದ ಮೇಲೆ ಯಾವುದು ಕೈಬಿಡುತ್ತದೆ, ಯಾವುದು ಹಿಡಿದಿರುತ್ತದೆ ಎಂದು ಅವರ ಕೈಯಲ್ಲೇ ಎಳೆಸಿ ತೋರಿಸಿ. ಅವರು ಅಳಬಹುದು. ಅತ್ತರೆ ಅಳಲಿ, ನಿಲ್ಲಿಸಬೇಡಿ. ಇವರೊಬ್ಬರಿಗೇ ಅಲ್ಲ, ಇನ್ನು ಮುಂದೆ ಟ್ರೇಲರ್ ಓಡಿಸಲು ಕೇಳಿ ಬಂದ ಪ್ರತಿಯೊಬ್ಬರಿಗೂ ತೋರಿಸಿ, ಆಮೇಲೆ ಕಾರ್ಡು ಕೊಡಿ.

ಆ ದಿನ ಇನ್ನೊಬ್ಬರಿಗೂ ಅಲ್ಲಿರಲು ಅನುಮತಿ ಕೊಡಿ. ಹೋದ ವಾರ ಧೈರ್ಯ ಮಾಡಿ ಆಲೂರಿಗೆ ಹೋಗಿ ನಂಜುಂಡಣ್ಣನ ಹೆಂಡತಿ ಮಾದಮ್ಮನನ್ನು ಕಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನ ತಮ್ಮ ಹೇಳಿದ್ದನ್ನೂ ನನ್ನ ಈ ಬೇಡಿಕೆಯನ್ನೂ ಕೇಳಿಸಿಕೊಂಡರು. ಬಸ್ಸಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಬಸ್ಸು ಬಂದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ಅಣ್ಣಂಗೆ ತೋರ್ಸೋ ದಿನ ನನ್ನೂ ಕರೀರಿ ಅಕ್ಕ. ಯಾವ್ದು ಎಳ್ದಿದ್ರೆ ನಮ್ಮೆಜಮಾನ್ರು ಉಳ್ಕೊಳ್ತಿದ್ರೋ, ಅದನ್ನ ನಾನೂ ಒಂದ್ಸಲ ನೋಡ್ಬೇಕು."

ಇಂತಿ,
ಗಂಡನ ಲೈಸೆನ್ಸ್ ಸದ್ಯಕ್ಕೆ ಕೊಡಬೇಡಿ ಎಂದು ಕೈಮುಗಿಯುವ ಗತಿ ಬಂದ
ವಾಣಿ ಜಯಕುಮಾರ್
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು