ಎಡಕ್ಕೆ ಎಳೆಯುತ್ತಿದ್ದ ಗಾಡಿ

ಮತ್ತಿಕೆರೆ, ಬೆಂಗಳೂರು
೭-೩-೧೯೮೩, ಸೋಮವಾರ

ನಮ್ಮ ಮನೆಯ ಯಜಮಾನರಿಗೆ ರತ್ನವ್ವ ಮಾಡುವ ನಮಸ್ಕಾರಗಳು.

ಕವರಿನ ಮೇಲೆ ನಿಮ್ಮ ಹೆಸರನ್ನು ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗ ವಾಜಿದ್ ಕೈಲಿ ಬರೆಸಿದ್ದೇನೆ. ಮದುವೆಯಾದಾಗಿನಿಂದ ಬಾಯಲ್ಲಿ ಹೇಳದ ಹೆಸರನ್ನು ಈಗ ಪೆನ್ನಿನಲ್ಲಿ ಬರೆಯಲು ಮನಸ್ಸು ಬರಲಿಲ್ಲ, ನಗಬೇಡಿ. ಕೈ ಹೇಗಿದೆ? ಎಲುಬು ಕೂಡಿಸುವ ಫಕೀರಪ್ಪಜ್ಜ ಕಟ್ಟು ಬಿಚ್ಚಿದನೆಂದು ಬರೆದಿದ್ದಿರಿ, ಆದರೆ ತುಂಬಿದ ತಂಬಿಗೆ ಎತ್ತಿದರೆ ಬಲಗೈ ಇನ್ನೂ ನಡುಗುತ್ತದೆ ಎಂದೂ ಬರೆದಿದ್ದಿರಿ. ದಿನಾ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರೋ, ಇಲ್ಲ ಅಕ್ಕನ ಮನೆಯಲ್ಲಿ ನಾಚಿಕೆ ಎಂದು ಬಿಟ್ಟಿದ್ದೀರೋ? ರೋಣದಲ್ಲಿ ಈಗಾಗಲೇ ಬಿಸಿಲು ಹತ್ತಿರಬೇಕು, ಮಧ್ಯಾಹ್ನ ಕಟ್ಟೆ ಹರಟೆಗೆ ಹೋಗದೆ ಮಲಗಿ. ಇಲ್ಲಿ ಸಂಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾಳೆ, ಓದುವುದಕ್ಕಿಂತ ಜಾಸ್ತಿ ಅಪ್ಪ ಯಾವಾಗ ಬರ್ತಾರೆ ಎಂದು ಕೇಳುತ್ತಾಳೆ. ಮನೆ ಓನರಮ್ಮ ಮುನಿಗಂಗಮ್ಮನವರು ನನ್ನನ್ನು ಕಂಡಾಗಲೆಲ್ಲ "ನುಗ್ಗೆ ಮರ ಅತ್ತಬ್ಯಾಡ ಅಂತ ಯೋಳ್ದೆ, ಕೇಳ್ಲಿಲ್ವಲ್ಲ ನಿನ್ ಗಂಡ" ಎನ್ನುತ್ತಾರೆ. ಎನ್ನುತ್ತಲೇ ಆ ಮರದ ಕಾಯಿಗಳನ್ನೇ ಸಾರಿಗೆ ಹಾಕಿಕೋ ಎಂದು ಕೊಡುತ್ತಾರೆ. ನಿಮ್ಮನ್ನು ಬೀಳಿಸಿದ ಮರದ ಕಾಯಿ ಎಂದು ಮೊದಮೊದಲು ಬಾಯಿಗೆ ಸೇರುತ್ತಿರಲಿಲ್ಲ. ಈಗ ತಿನ್ನುತ್ತಿದ್ದೇವೆ.

ಇನ್ನು ವಿಷಯಕ್ಕೆ ಬರುತ್ತೇನೆ, ನಿಂತಿದ್ದರೆ ಕೂತುಕೊಂಡು ಓದಿ. ನಮ್ಮ ಟ್ಯಾಕ್ಸಿಗೆ ಆರ್.ಟಿ.ಓ. ಆಫೀಸಿನ ಎಫ್.ಸಿ. ತಪಾಸಣೆ ಆಯಿತು. ಮೊದಲ ಸಲ ಫೇಲು, ಎರಡನೇ ಸಲ ಪಾಸು. ನೀವೋ, ನಾನು ಬರುವ ತನಕ ಗಾಡಿಗೆ ಯಾರೂ ಕೈ ಹಚ್ಚಬಾರದು, ಟಾರ್ಪಾಲು ಹೊದಿಸಿ ನಿಲ್ಲಿಸು, ಅದು ನನ್ನ ಹೊರತು ಯಾರ ಮಾತೂ ಕೇಳುವುದಿಲ್ಲ ಎಂದು ಬರೆದಿದ್ದಿರಿ. ಆ ಮಾತನ್ನು ನಾನು ಮೀರಿದ್ದೇನೆ. ಬೈಯುವುದಿದ್ದರೆ ಬೈದುಬಿಡಿ, ಆದರೆ ಕೇಳಿ. ಫೆಬ್ರವರಿ ಕೊನೆಗೆ ಎಫ್.ಸಿ. ವಾಯಿದೆ ಮುಗಿಯುತ್ತಿತ್ತು. ಅದು ಮುಗಿದ ಮೇಲೆ ಟ್ಯಾಕ್ಸಿ ರಸ್ತೆಗೆ ಇಳಿಯುವ ಹಾಗಿಲ್ಲ. ಯಶವಂತಪುರ ಸ್ಟೇಷನ್ ಸ್ಟ್ಯಾಂಡಿನಲ್ಲಿ ನಿಮ್ಮ ಜಾಗಕ್ಕೆ ಆಗಲೇ ಇಬ್ಬರು ಕಣ್ಣು ಹಾಕಿದ್ದರು. ನೀವು ಉಗಾದಿಗೆ ಬಂದು ನೋಡಿದರೆ ಗಾಡಿಯೂ ನಿಂತಿರುತ್ತಿತ್ತು, ಜಾಗವೂ ಹೋಗಿರುತ್ತಿತ್ತು. ಅದಕ್ಕೇ ವಾಜಿದನನ್ನು ಕೇಳಿದೆ. ಅವನ ಭಾವನ ಟ್ಯಾಕ್ಸಿ ಮಾರಿಹೋಗಿ ಕೈ ಖಾಲಿ ಇತ್ತು, ಅಣ್ಣ ಬರೋವರೆಗೂ ಓಡಿಸ್ತೀನಿ ಅಕ್ಕಾ ಎಂದು ಒಪ್ಪಿಕೊಂಡ. ಸ್ವಂತ ತಮ್ಮ ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ.

ಮೊದಲ ದಿನ ಹೋಗಿ ಬಂದವನು ಬೆವರು ಒರೆಸಿಕೊಳ್ಳುತ್ತ ನಿಂತ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆದು ಫುಟ್‌ಪಾತ್ ಹತ್ತಲು ಹೋಗುತ್ತದಂತೆ. ಅಣ್ಣ ಇದನ್ನ ಹೆಂಗೆ ಓಡಿಸ್ತಿದ್ರು ಎಂದು ಕೇಳಿದ. ನನಗೋ ಒಳಗೊಳಗೇ ಹೆಮ್ಮೆ. "ಅದು ಅವರ ಮಾತಷ್ಟ ಕೇಳ್ತದಪಾ" ಎಂದೆ. ನೀವು ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ ನೋಡಿ. ಪಾಪ ಆ ಹುಡುಗ ಬ್ರೇಕ್ ಒತ್ತುವಾಗೆಲ್ಲ ಸ್ಟೀರಿಂಗನ್ನು ಬಲಕ್ಕೆ ಜಗ್ಗಿ ಹಿಡಿಯುವುದನ್ನು ಕಲಿತ. ಎರಡು ವಾರದಲ್ಲಿ ಸಲೀಸಾಯಿತು ಎಂದ.

ಪ್ರತಿ ವರ್ಷದ ಎಫ್.ಸಿ. ಗಲಾಟೆ ನನಗೆ ಗೊತ್ತಿಲ್ಲದ್ದೇ? ಒಂದು ವರ್ಷ ಹಾರ್ನು ಬಾಯಿ ಬಿಡಲಿಲ್ಲ. ಇನ್ನೊಂದು ವರ್ಷ ಹಿಂದಿನ ಸೀಟಿನ ಕೆಳಗೆ ತಗಡು ತುಕ್ಕು ತಿಂದು ರಸ್ತೆ ಕಾಣಿಸುತ್ತದೆಂದು ವಾಪಸು ಕಳಿಸಿದರು, ನೀವು ತೇಪೆ ಹಾಕಿಸಿ ಮೇಲೆ ಹೊಸ ಚಾಪೆ ಹಾಸಿದಿರಿ. ಮತ್ತೊಂದು ಸಲ ಒಂದು ಹೆಡ್‌ಲೈಟು ಆಕಾಶ ನೋಡುತ್ತದೆ, ಒಂದು ನೆಲ ನೋಡುತ್ತದೆ ಎಂದರು. ಇನ್ನು ಟೈರಿನ ಕಥೆ ಕೇಳುವುದೇ ಬೇಡ. ಸ್ಟ್ಯಾಂಡಿನವರೆಲ್ಲ ಸೇರಿ ಎಫ್.ಸಿ. ದಿನಕ್ಕೆಂದು ಇಟ್ಟುಕೊಂಡ ಆ ಒಳ್ಳೆಯ ಟೈರುಗಳು ವರ್ಷವಿಡೀ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗುತ್ತವೆ, ಹೆಣ್ಣು ನೋಡುವ ದಿನ ಪಕ್ಕದ ಮನೆಯ ಸರ ಹಾಕಿಕೊಂಡ ಹಾಗೆ. ಮನೆಯಲ್ಲಿ ನಮಗೆ ಜ್ವರ ಬಂದರೆ ಕಷಾಯ, ಆ ನನ್ನ ಸವತಿಗೆ ಮಾತ್ರ ಜನವರಿ ಬಂತೆಂದರೆ ಸಾಕು, ಪಾಲಿಶು, ಬಣ್ಣ, ಹೊಸ ವೈಪರು. ಆದರೆ ಬ್ರೇಕಿನ ಬಗ್ಗೆ ಯಾವ ವರ್ಷವೂ ಯಾರೂ ಚಕಾರ ಎತ್ತಿರಲಿಲ್ಲ. ಆದ್ದರಿಂದ ಈ ಸಲ ನಾನು ಹಾರ್ನು, ಲೈಟು, ಚಾಪೆ ಎಲ್ಲ ನೋಡಿ, ಟೈರು ಕೇಳಿ ತಂದು, ಬಾನೆಟ್ಟಿಗೆ ವಿಭೂತಿ ಹಚ್ಚಿ ಧೈರ್ಯವಾಗಿ ಹೊರಟೆ. ಕಾಗದಪತ್ರ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ನಾನೂ ಕೂತಿದ್ದೆ.

ಬ್ರೇಕ್ ಇನ್ಸ್‌ಪೆಕ್ಟರು ಅದೇ ಹಳಬರು, ಬಿಳಿ ಕೂದಲಿನವರು. ಗಾಡಿ ಕಂಡೊಡನೆ ವೀರಬಸಪ್ಪ ಎಲ್ಲಿ ಎಂದರು. ನೋಡಿ, ಆ ಹೆಸರನ್ನು ಅವರ ಬಾಯಿಂದ ಕೇಳಿ ಬರೆದೆ, ನನ್ನ ತಪ್ಪಿಲ್ಲ. ಕೈ ಮುರಿದ ಸುದ್ದಿ ಹೇಳಿದೆ, ಲೊಚಗುಟ್ಟಿದರು. ಟೈರು ನೋಡಿ ನಕ್ಕು, ಬರುವ ವರ್ಷಕ್ಕೆ ಸ್ವಂತದ್ದು ಹಾಕಿಸಮ್ಮಾ ಎಂದರು. ಆಮೇಲೆ ವಾಜಿದನ ಪಕ್ಕ ಕೂತು ಮೈದಾನದಲ್ಲಿ ಒಂದು ಸುತ್ತು ಹಾಕಿಸಿದರು. ಬ್ರೇಕ್ ಒತ್ತಿಸಿದಾಗ ಗಾಡಿ ನೇರವಾಗಿಯೇ ನಿಂತಿತು. ಆದರೆ ಅವರ ಕಣ್ಣು ವಾಜಿದನ ಕೈ ಮೇಲಿತ್ತು. ಯಾಕಪ್ಪಾ ಹಗ್ಗ ಜಗ್ಗೋ ಹಂಗೆ ಹಿಡ್ಕೊಂಡಿದ್ದೀಯ, ಕೈ ಸಡಿಲ ಬಿಟ್ಟು ಇನ್ನೊಂದ್ಸಲ ಒತ್ತು ಎಂದರು. ಅವನು ಕೈ ಬಿಟ್ಟು ಒತ್ತಿದ. ಗಾಡಿ ಸರ್ರನೆ ಎಡಕ್ಕೆ ತಿರುಗಿ, ಗೋಡೆಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಂತಿತು. ನನ್ನ ತಲೆ ಮುಂದಿನ ಸೀಟಿಗೆ ಬಡಿಯಿತು. ಇನ್ಸ್‌ಪೆಕ್ಟರು ಇಳಿದು, ನೆಲದ ಮೇಲಿನ ಟೈರಿನ ಗುರುತಿನ ಗುಂಟ ಹಿಂದಕ್ಕೆ ನಡೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ನಾನು ಪಾಸ್ ಮಾಡಿದ್ದು ಗಾಡೀನಲ್ಲಮ್ಮ, ನಿಮ್ಮ ಯಜಮಾನರ ಕೈನ" ಎಂದರು. ಬೈದ ಹಾಗೆ ಹೇಳಲಿಲ್ಲ. ತಮಗೇ ಹೇಳಿಕೊಂಡ ಹಾಗಿತ್ತು. ರಿಪೇರಿ ಮಾಡಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು.

ನೇರ ಮೆಕ್ಯಾನಿಕ್ ಖುದ್ದೂಸನ ಷೆಡ್ಡಿಗೆ ಹೋದೆವು. ಅವನು ಬಲಗಡೆಯ ಮುಂದಿನ ಚಕ್ರ ಬಿಚ್ಚಿ ತೋರಿಸಿದ. ಆ ಚಕ್ರದ ಬ್ರೇಕು ಜಂಗು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಎಡಗಡೆಯದು ಮಾತ್ರ ಹಿಡಿಯುತ್ತಿತ್ತಂತೆ, ಅದಕ್ಕೇ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಇದು ನಿನ್ನೆ ಮೊನ್ನೆಯದಲ್ಲ ಅಕ್ಕಾ, ಬಹಳ ವರ್ಷದ್ದು ಎಂದ. ಆ ಚಕ್ರ ಬಿಚ್ಚೋಣ ಎಂದು ಅವನು ಕೇಳಿದಾಗೆಲ್ಲ, ಗಾಡಿ ಗುಣ ನನಗೆ ಗೊತ್ತು ಬಿಡು ಅನ್ನುತ್ತಿದ್ದಿರಂತೆ. ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ, ನಿಮಗೂ ಅದು ತಿಳಿದಿರಲಿಕ್ಕಿಲ್ಲ. ಹಾಲು ಯಾವ ಗಳಿಗೆಯಲ್ಲಿ ಮೊಸರಾಯಿತು ಎಂದು ಯಾರಿಗೆ ಕಾಣುತ್ತದೆ? ಗಾಡಿ ಒಂದು ಕೂದಲೆಳೆ ಎಡಕ್ಕೆ ಹೋದಾಗ ನಿಮ್ಮ ಕೈ ಒಂದು ಕೂದಲೆಳೆ ಬಲಕ್ಕೆ ಹೋಯಿತು. ಹಾಗೇ ಆಗುತ್ತ ಆಗುತ್ತ ಅದು ನಿಮ್ಮ ಮಾತು ಮಾತ್ರ ಕೇಳುವ ಗಾಡಿಯಾಯಿತು. ಆದರೆ ಆ ಷೆಡ್ಡಿನಲ್ಲಿ ನಿಂತಾಗಲೇ ಇನ್ನೊಂದು ಮಾತು ಹೊಳೆಯಿತು. ನಾನು ನಿಮ್ಮ ಮಾತಿನಂತೆ ಗಾಡಿಯನ್ನು ಮುಚ್ಚಿ ಇಟ್ಟಿದ್ದರೆ, ನೀವು ಉಗಾದಿಗೆ ಬಂದು ಚೀಲ ಇಳಿಸಿ ಅದೇ ದಿನ ಗಾಡಿ ಹತ್ತುತ್ತಿದ್ದಿರಿ, ನನಗೆ ಗೊತ್ತಿಲ್ಲವೇ ನಿಮ್ಮ ಸ್ವಭಾವ? ತಂಬಿಗೆ ಎತ್ತಲಾರದ ಕೈ ಆ ಗಾಡಿಯನ್ನು ಹೇಗೆ ತಡೆಯುತ್ತಿತ್ತು? ಷೆಡ್ಡಿನಲ್ಲಿ ಅಳಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡೆ. ಖುದ್ದೂಸ್ ಗ್ರೀಸ್ ವಾಸನೆಗೆ ಎಂದುಕೊಂಡು ಬಾಗಿಲು ತೆರೆದ.

ಹೊಸ ಸಾಮಾನು ಹಾಕಿದ. ಎರಡನೇ ಸಲ ಇನ್ಸ್‌ಪೆಕ್ಟರು ವಾಜಿದನಿಗೆ ಬೆರಳ ತುದಿಯಲ್ಲಿ ಸ್ಟೀರಿಂಗ್ ಹಿಡಿಸಿ ಬ್ರೇಕ್ ಒತ್ತಿಸಿದರು. ಗೆರೆ ಎಳೆದ ಹಾಗೆ ನಿಂತಿತು, ಪಾಸು ಮಾಡಿದರು. ಇನ್ನು ಆ ಗಾಡಿಯನ್ನು ಯಾರು ಬೇಕಾದರೂ ಓಡಿಸಬಹುದು. ಈ ಮಾತು ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತು. ಹಾಗೆಂದು ನೀವು ಬೇಡವಾದಿರಿ ಎಂದು ತಿಳಿದೀರಿ ಜೋಕೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತದೆ, ಸಂಜೆ ಗಲ್ಲಿಯಲ್ಲಿ ಗಾಡಿ ತಿರುಗಿದ ಸದ್ದಾದರೆ ವಾಜಿದ್ ಎಂದು ಗೊತ್ತಿದ್ದರೂ ಚಹಾಕ್ಕೆ ನೀರಿಡಲು ಏಳುತ್ತೇನೆ. ಗಾಡಿ ನೇರವಾಯಿತು ಎಂದರೆ ಅರ್ಧ ಬಲದ ಕೈಯಲ್ಲೂ ನೀವು ಅದನ್ನು ಹಿಡಿಯಬಹುದು. ನನಗೆ ಬೇಕಾದದ್ದು ಅಷ್ಟೇ.

ಅಕ್ಕನವರಿಗೆ, ಮಾಮನವರಿಗೆ ನನ್ನ ಶರಣು ತಿಳಿಸಿ, ಮಕ್ಕಳ ಗಲ್ಲ ಸವರಿ. ಬರುವಾಗ ಅಕ್ಕನವರ ಕೈಯ ಅಗಸಿ ಹಿಂಡಿ ತನ್ನಿ, ಇಲ್ಲಿ ಕುಟ್ಟಿದ್ದಕ್ಕೆ ಆ ರುಚಿ ಬರುವುದಿಲ್ಲ. ಶಿವ ನಿಮ್ಮ ಕೈಗೆ ಬೇಗ ಬಲ ಕೊಡಲಿ.

ನಿಮ್ಮ
ರತ್ನವ್ವ

ತಾ.ಕ.: ಕವರು ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ, ಒಂದು ಮಾತು ಮುಚ್ಚಿಟ್ಟಿದ್ದೆ. ರಿಪೇರಿ ಮುಗಿಸಿ ಷೆಡ್ಡಿನಿಂದ ಹೊರಟಾಗ ಸೈಕಲ್ಲೊಂದು ಅಡ್ಡ ಬಂತೆಂದು ವಾಜಿದ್ ಬ್ರೇಕ್ ಒತ್ತಿದ. ಅವನ ಕೈ ಹಳೆಯ ರೂಢಿಯಲ್ಲಿ ಬಲಕ್ಕೆ ಜಗ್ಗಿತು, ನೇರ ನಿಲ್ಲಬೇಕಾದ ಗಾಡಿ ಎದುರು ಬರುತ್ತಿದ್ದ ಲಾರಿಯ ಬಾಯಿಗೆ ನುಗ್ಗಿತು. ಲಾರಿಯವನು ಹೇಗೋ ನಿಲ್ಲಿಸಿದ, ನಮ್ಮ ಪುಣ್ಯ. ಹಿಂದಿನ ಸೀಟಿನಲ್ಲಿ ನಾನಿದ್ದೆ. ಅದು ಎರಡು ವಾರದ ರೂಢಿ ರೀ, ನಿಮ್ಮದು ಎಷ್ಟು ವರ್ಷದ್ದು? ಗಾಡಿ ಸರಿಹೋಗಿದೆ, ನಿಮ್ಮ ಕೈಗೆ ಇನ್ನೂ ಅದು ಗೊತ್ತಿಲ್ಲ. ಆದ್ದರಿಂದ ಬಂದ ದಿನ ಸ್ಟೇಷನ್ನಿನಲ್ಲಿ ವಾಜಿದನ ಹತ್ತಿರ ಕೀ ಕೇಳಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತು ಬನ್ನಿ. ಮರುದಿನ ಊರಾಚೆ ಸಿಂಗಾಪುರ ಹಳ್ಳಿಯ ಕಡೆ ಖಾಲಿ ರಸ್ತೆಗೆ ಹೋಗೋಣ, ನಿಮ್ಮ ಪಕ್ಕದಲ್ಲಿ ನಾನೇ ಕೂರುತ್ತೇನೆ. ಕೈ ಸಡಿಲ ಬಿಟ್ಟು ಬ್ರೇಕ್ ಒತ್ತಿ, ಮತ್ತೆ ಒತ್ತಿ, ಆ ಕೈ ಹಳೆಯದನ್ನು ಮರೆಯುವ ತನಕ ನಾನು ಇಳಿಯುವುದಿಲ್ಲ. ಈ ವರ್ಷ ನಿಮ್ಮ ಎಫ್.ಸಿ. ಮಾಡುವವಳು ನಾನು. ಅಲ್ಲಿಯವರೆಗೆ ಗಾಡಿ ಮನೆ ಸೇರಿದೊಡನೆ ಕೀ ನನ್ನ ಸೆರಗಿನ ಗಂಟಿನಲ್ಲಿರುತ್ತದೆ.