ಸೋಮವಾರದ ಗೆಜ್ಜೆ

ಇಂಗಳೇಶ್ವರ
ಗುರುವಾರ, ೨೧-೧೧-೧೯೭೪

ಪ್ರೀತಿಯ ರೇಣೂ,

ನಿನ್ನ ಪತ್ರ ಬಂದು ಭಾಳ ದಿನವಾಯಿತು. ಸಿಟ್ಟಾಗಬೇಡ. ಈ ಸಲ ತಪ್ಪು ಅಂಚೆಯವನದಲ್ಲ, ನನ್ನದೇ. ಬರೆಯಲು ಕೂತರೆ ನಡು ಹಿಡಿದುಕೊಳ್ಳುತ್ತದೆ. ಯಾಕೆಂದು ಹೇಳಿದರೆ ನಗುತ್ತೀ. ನಗು, ಆದರೆ ಮೆಲ್ಲಗೆ. ಇಷ್ಟು ವರ್ಷ ಕಾಯಿಸಿ ಬಂದ ಅತಿಥಿ ನಿನ್ನ ಹೊಟ್ಟೆಯೊಳಗಿದ್ದಾನೆ. ನಿನ್ನ ಸೀಮಂತದ, ಕುಬಸದ ಸುದ್ದಿ ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊನೆಯಲ್ಲಿ. ಮೊದಲು ನನ್ನ ಹೊಟ್ಟೆಯ ಸುದ್ದಿ ಕೇಳು.

ಗಾಬರಿಯಾಗಬೇಡ. ಗಂಡ ಸತ್ತ ಸಾಲಿ ಅಕ್ಕಾರ ಹೊಟ್ಟೆಗೆ ನೀನು ತಿಳಿದಂಥ ಸುದ್ದಿ ಬಂದಿದ್ದರೆ ನಾನು ಪತ್ರ ಬರೆಯಬೇಕಾಗಿರಲಿಲ್ಲ, ಊರೇ ಬಸ್ಸು ಹತ್ತಿ ಬಂದು ನಿನಗೆ ತಿಳಿಸುತ್ತಿತ್ತು. ನಾನು ಕುಣಿತ ಕಲಿಯುತ್ತಿದ್ದೇನೆ. ಅರಬ್ಬರ ಹೊಟ್ಟೆ ಕುಣಿತ, ಬೆಲ್ಲಿ ಡ್ಯಾನ್ಸ್! ಹೊಟ್ಟೆಪಾಡಿಗೆ ಪಾಠ ಹೇಳುವವಳು ಈಗ ಹೊಟ್ಟೆಗೇ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಧಾರವಾಡದ ಹಾಸ್ಟೆಲಿನಲ್ಲಿ ನನಗೊಂದು ನಡು ಇತ್ತು, ನೆನಪಿದೆಯೇ? ಈಗ ನಡುವಯಸ್ಸು ಮಾತ್ರ ಉಳಿದಿದೆ.

ಕಲಿಸುವವಳು ಮೆಹರಾಜ, ಪಕ್ಕದ ಮನೆಯ ಮಶಾಕಸಾಬನ ತಂಗಿ. ಮುಂಬೈ ಸ್ಟುಡಿಯೋಗಳಲ್ಲಿ ನಾಯಕಿಯ ಹಿಂದೆ ಸಾಲಾಗಿ ಕುಣಿಯುತ್ತಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಅಣ್ಣನ ಮನೆಗೆ ಬಂದಿದ್ದಾಳೆ. ಕಳೆ ತೆಗೆದು ತೆಗೆದು ನಡು ಬಿದ್ದುಹೋಗಿದ್ದ ಎದುರುಮನೆ ಸೀತವ್ವನಿಗೆ ಮೊದಲು ಇದನ್ನು ಹೇಳಿಕೊಟ್ಟಳು. ನಡು ನೆಟ್ಟಗಾಯಿತು. ಸೀತವ್ವ ನನ್ನನ್ನೂ ಎಳೆದೊಯ್ದಳು. 'ಬರ್ರಿ ಅಕ್ಕಾರ, ಕುರ್ಚಿ ಮ್ಯಾಲೆ ಕುಂತ ಕುಂತ ನೀವು ಕುರ್ಚಿನ ಆಗೀರಿ.'

ನಮ್ಮ ತರಗತಿ ಸೋಮವಾರ, ಸಾಲಿ ಬಿಟ್ಟ ಮೇಲೆ. ಸೋಮವಾರವೇ ಯಾಕೆಂದರೆ, ಬಸವಣ್ಣನ ವಾರ, ಅವತ್ತು ಈ ಕಡೆ ಯಾರೂ ಎತ್ತು ಹೂಡುವುದಿಲ್ಲ. ಎತ್ತಿಗೆ ರಜೆ, ಅದರ ಕೊರಳಿನ ಗೆಜ್ಜೆಪಟ್ಟಿಗೂ ರಜೆ. ಆ ಪಟ್ಟಿಗಳೇ ನಮ್ಮ ಸೊಂಟಕ್ಕೆ! ಮಶಾಕಸಾಬ ಪ್ಯಾಟಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕಟ್ಟಿಕೊಳ್ಳುತ್ತೇವೆ.

ಹೋದ ಸೋಮವಾರ ಸೀತವ್ವ ಹುರುಪಿನಲ್ಲಿ ನಡು ಕುಣಿಸಿದಳು ನೋಡು, ಓಣಿಯೆಲ್ಲ ಗಲ್‌ಗಲ್. ಅವಳ ಮಾವ ಗುರಪ್ಪ ಬಡಿಗೆ ಊರುತ್ತ ಬಂದವನೇ ಬಾಗಿಲು ಬಡಿದ.

'ಏ ಮಶಾಕ್ಯಾ! ಸ್ವಾಮಾರ ದಿನ ಎತ್ತ ಹೂಡಿಯೇನಲೇ?'

ಸೀತವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಅಂಟಿದಳು. ಮೆಹರಾಜ ಒಳಗಿನಿಂದಲೇ ಕೂಗಿದಳು: 'ಹೂಡಿಲ್ರಿ ಕಾಕಾ, ಗೆಜ್ಜಿ ತೊಳ್ಯಾಕತ್ತೇನಿ!'

'ತೊಳಿ ತೊಳಿ. ಹಂಗಂದ್ರ ನಮ್ಮವೂ ಕಳಿಸ್ತೇನಿ ತಡಿ, ಸೀತಿ ಕೈಲೆ.'

ಅವನ ಬಡಿಗೆ ಸದ್ದು ದೂರವಾದದ್ದೇ ಸೀತವ್ವ ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕಳು. ಅವಳ ಕಣ್ಣೀರಿಗೆ ನನ್ನ ರವಿಕೆ ತೋಯಿತು. ನಾನೂ ನಗಬೇಕಿತ್ತು. ಊರನ್ನೆಲ್ಲ ನಗಿಸುವವಳಿಗೆ ಬಾಯಿ ಮಾತ್ರ ಅಗಲವಾಯಿತು.

ಮೆಹರಾಜ ನೋಡಿಬಿಟ್ಟಳು. ಹತ್ತಿರ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. 'ಯಾಕ ಇಷ್ಟ ಬಿಗಿ ಹಿಡದೀರಿ ಅಕ್ಕಾರ? ಯಾರರೆ ಹೊಡಿತಾರೇನು? ಬಿಡ್ರಿ.' ನಾನು ಬಿಡಲಿಲ್ಲ. ಅವಳು ಕೈ ತೆಗೆಯಲಿಲ್ಲ. ನಮ್ಮವರು ಹೋದಾಗಿನಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ ರೇಣೂ. ಬಸ್ಸಿನ ಕಂಡಕ್ಟರ್ ಕೂಡ ಚಿಲ್ಲರೆಯನ್ನು ಮೇಲಿನಿಂದ ಬಿಡುತ್ತಾನೆ. ಆಮೇಲೆ ಹೊಟ್ಟೆ ತಾನೇ ನಡುಗತೊಡಗಿತು. 'ಹಾಂ, ಇದ ನೋಡ್ರಿ, ಇದ ಬೇಕಾಗಿತ್ತು' ಅಂದಳು ಮೆಹರಾಜ, ನಾನು ಕುಣಿತ ಕಲಿತೆ ಅಂದುಕೊಂಡು. ನಾನೂ ಅವಳ ಮನಸ್ಸು ಮುರಿಯಲಿಲ್ಲ.

ಇದನ್ನೆಲ್ಲ ಯಾಕೆ ಕಲಿತೆ ಗೊತ್ತೇ? ನೀನು ಬಸುರಿ ಎಂದು ಕೇಳಿದ ದಿನವೇ ನಿಶ್ಚಯಿಸಿದ್ದೆ. ಕುಬಸದ ದಿನ ಗಂಡಸರನ್ನೆಲ್ಲ ಹೊರಗೆ ಹಾಕಿ, ಹಸಿರು ಸೀರೆ ಉಟ್ಟು ಕೂತ ನಿನ್ನ ಮುಂದೆ ಒಂದು ಸುತ್ತು ಕುಣಿಯಬೇಕು, ನಿಮ್ಮ ಅತ್ತೆ ಮೂರ್ಛೆ ಹೋಗಬೇಕು. ಮೆಹರಾಜ ತನ್ನ ಪಾಲಿನ ಗೆಜ್ಜೆಪಟ್ಟಿಯನ್ನು ಆಗಲೇ ತಿಕ್ಕಿ ಬೆಳಗಿಟ್ಟಿದ್ದಾಳೆ. 'ಮುದ್ದೇಬಿಹಾಳಕ ಹೊಂಟೀರಿ, ಹೊಲಸ ಗೆಜ್ಜಿ ಒಯ್ಯಬ್ಯಾಡ್ರಿ' ಅನ್ನುತ್ತಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಮೈ ಜ್ವಾಕಿ. ಬಿಸಿನೀರು ಕುಡಿ, ಭಾರ ಎತ್ತಬೇಡ. ಹೆರಿಗೆ ಹಗುರಾಗಲಿ, ಕೂಸಿಗೆ ನಿನ್ನ ಬಣ್ಣ ಬರಲಿ. ನಾಲಿಗೆ ಬೇಕಾದರೆ ನನ್ನದು ಬರಲಿ, ನನ್ನದು ಬೇರೆ ಯಾವುದೂ ಬರುವುದು ಬೇಡ.

ನಿನ್ನ
ಇಂದ್ರಾಬಾಯಿ
(ಹಾಸ್ಟೆಲಿನ ಇಂದ್ರಿ)

ತಾ.ಕ.: ಉತ್ತರ ಕೊನೆಯಲ್ಲಿ ಅಂದಿದ್ದೆ. 'ಕುಬಸ ರವಿವಾರ. ನೀ ಸೋಮವಾರ ಬಾ, ಗದ್ದಲ ಇರೋದಿಲ್ಲ, ಇಬ್ಬರೇ ಕುಂತು ಮಾತಾಡೋಣು' ಎಂದು ಬರೆದಿದ್ದೀ. ಮುತ್ತೈದೆಯರು ಉಡಿ ತುಂಬುವಾಗ ನನ್ನಂಥವಳು ಬಾಗಿಲಲ್ಲಿ ಕಾಣಬಾರದು, ಗೊತ್ತು. ನಿಮ್ಮ ಅತ್ತೆ ಬರೆಸಿರಬೇಕೆಂದು ಅಕ್ಷರ ನೋಡಿದೆ. ನಿನ್ನವೇ, ದುಂಡಗೆ, ಎಲ್ಲೂ ಕೈ ತಡವರಿಸಿಲ್ಲ.

ನಿನ್ನೆ, ಆ ಸೋಮವಾರಕ್ಕೆ ರಜೆ ಕೇಳಲು ಹೆಡ್‌ಮಾಸ್ತರ ಶಂಕ್ರೆಪ್ಪನವರ ಹತ್ತಿರ ಹೋಗಿದ್ದೆ. 'ಗೆಳತಿ ಕುಬಸ ರವಿವಾರ ಅಂತೀರಿ. ರವಿವಾರ ಹೆಂಗೂ ಸಾಲಿ ಸೂಟಿ. ಮತ್ತ ಸೋಮವಾರ ಯಾಕ್ರಿ ಅಕ್ಕಾರ?' ಅಂದರು. ಅಂದ ಮೇಲೆ ಹೊಳೆದಿರಬೇಕು, ಕನ್ನಡಕ ತೆಗೆದು ಒರೆಸುತ್ತ ಕೂತರು. ನಾನು ಅರ್ಜಿ ಹಿಂದಕ್ಕೆ ತಂದೆ. ಕಾರಣ ಬರೆಯುವುದೊಂದು ಉಳಿದಿದೆ. ಏನಂತ ಬರೆಯಲಿ, ರೇಣೂ? ನೀನೇ ಹೇಳು.